ಪರವೂರಿನ ಪಿಯಾನೊ

ಸಂಗೀತಗಾರರು ಊರು ಬಿಟ್ಟು ಹೊರಡುವಾಗ ತಮ್ಮ ವಾದ್ಯವನ್ನು ಜೊತೆಗೆ ಕೊಂಡೊಯ್ಯುವುದು ಬಹುತೇಕ ಎಲ್ಲ ಸಂಪ್ರದಾಯಗಳಲ್ಲಿಯೂ ನಡೆದುಬಂದ ರೂಢಿ. ವರ್ಷಗಟ್ಟಲೆ ಒಂದೇ ವೀಣೆಯ ಮೇಲೆ ಕೈ ಪಳಗಿಸಿಕೊಂಡ ವಿದ್ವಾಂಸರ ಮುಂದೆ ಕಚೇರಿಯ ದಿನ ಮಧ್ಯಾಹ್ನ ಬೇರೆ ಯಾರದೋ ವೀಣೆಯನ್ನು ತಂದಿಟ್ಟು, ಸಂಜೆ ಇದನ್ನೇ ನುಡಿಸಬೇಕೆಂದು ಕೇಳಿದರೆ ಅದನ್ನು ಅವಿವೇಕವೆಂದೇ ಎಲ್ಲರೂ ಎಣಿಸುತ್ತಾರೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೊ ವಾದಕರ ಪಾಲಿಗೆ ಮಾತ್ರ ಈ ಅವಿವೇಕವೇ ನಿತ್ಯದ ಕಾಯಕವಾಗಿದ್ದು, ವಿದೇಶ ಪ್ರವಾಸದ ಪ್ರತಿಯೊಂದು ಊರಿನಲ್ಲಿಯೂ ಅವರು ಹಿಂದೆಂದೂ ಮುಟ್ಟದ ವಾದ್ಯವೊಂದರ ಸ್ವಭಾವವನ್ನು ಕೆಲವೇ ಗಂಟೆಗಳಲ್ಲಿ ಅರಿತುಕೊಂಡು, ಅದೇ ಸಂಜೆ ಸಾವಿರಾರು ಜನರ ಮುಂದೆ ಅದನ್ನು ತಮ್ಮದೆಂಬಂತೆ ನುಡಿಸಬೇಕಾಗುತ್ತದೆ. ಪಿಯಾನೊ ಪ್ರವಾಸವೆಂಬ ವ್ಯವಸ್ಥೆ, ಅದನ್ನು ಸಾಕಿದ ವಾದ್ಯ ತಯಾರಕರು, ತೆರೆಯ ಹಿಂದೆ ದುಡಿಯುವ ತಂತ್ರಜ್ಞರು, ವಾದಕರ ವಿಲಕ್ಷಣವೆನಿಸುವ ಹಟಗಳು, ಇವೆಲ್ಲವೂ ಈ ಒಂದು ಇಕ್ಕಟ್ಟಿನಿಂದಲೇ ಹುಟ್ಟಿಕೊಂಡಿವೆ.

ವಾದ್ಯದ ಗಾತ್ರವನ್ನು ಗಮನಿಸಿದರೆ ಇಕ್ಕಟ್ಟಿನ ಮೂಲ ಸ್ಪಷ್ಟವಾಗುತ್ತದೆ. ಕಚೇರಿಗೆ ಬಳಸುವ ದೊಡ್ಡ ಗ್ರ್ಯಾಂಡ್ ಪಿಯಾನೊ, ಅಂದರೆ ತಂತಿಗಳನ್ನು ನೆಲಕ್ಕೆ ಸಮಾನಾಂತರವಾಗಿ ಬಿಗಿದು ಮೂರು ಕಾಲುಗಳ ಮೇಲೆ ನಿಲ್ಲಿಸಿದ ವಾದ್ಯವು, ಸ್ಟೈನ್‌ವೇ ಸಂಸ್ಥೆಯ ‘ಡಿ’ ಮಾದರಿಯಲ್ಲಿ 274 ಸೆಂಟಿಮೀಟರ್ ಉದ್ದವಿದ್ದು, ಸುಮಾರು 480 ಕಿಲೊ ತೂಗುತ್ತದೆ. ಅದರ 88 ಕೀಗಳ ಹಿಂದೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳಿದ್ದು, ಅವೆಲ್ಲ ಒಟ್ಟಾಗಿ ಎಳೆಯುವ ಬಲ ಸುಮಾರು 20 ಟನ್ನುಗಳಷ್ಟಾಗುವುದರಿಂದ ಅದನ್ನು ತಡೆದುಕೊಳ್ಳಲು ಒಳಗೆ ಎರಕದ ಕಬ್ಬಿಣದ ಚೌಕಟ್ಟನ್ನು ಕೂರಿಸಿರುತ್ತಾರೆ. ಇದನ್ನು ಸಾಗಿಸಬೇಕಾದರೆ ಕಾಲುಗಳನ್ನೂ ಪೆಡಲುಗಳ ಚೌಕಟ್ಟನ್ನೂ ಕಳಚಿ, ವಾದ್ಯವನ್ನು ಅದರ ನೇರವಾದ ಉದ್ದನೆಯ ಮಗ್ಗುಲಿನ ಮೇಲೆ ನಿಲ್ಲಿಸಿ, ಹಲಗೆಗೆ ಪಟ್ಟಿಗಳಿಂದ ಬಿಗಿದು, ಹಲವು ಜನ ನುರಿತ ಆಳುಗಳು ಅಂಗುಲ ಅಂಗುಲವಾಗಿ ತಳ್ಳಬೇಕು. ದಿನ ಬಿಟ್ಟು ದಿನ ಊರು ಬದಲಿಸುವ ವಾದಕರಿಗೆ ಇದು ಸಾಧ್ಯವಾಗುವ ಮಾತಲ್ಲ.

ಒಬ್ಬನೇ ವಾದಕ ಇಡೀ ಸಂಜೆಯನ್ನು ತುಂಬುವ ಕಚೇರಿ ಮತ್ತು ಅದನ್ನು ದೇಶದಿಂದ ದೇಶಕ್ಕೆ ಕೊಂಡೊಯ್ಯುವ ಪ್ರವಾಸ, ಇವೆರಡಕ್ಕೂ ಇಂದಿನ ರೂಪ ಕೊಟ್ಟವರು ಹಂಗೆರಿಯಲ್ಲಿ ಹುಟ್ಟಿದ ಫ್ರಾಂಝ್ ಲಿಸ್ಟ್. ಅದಕ್ಕೆ ಮೊದಲು ಪಿಯಾನೊ ವಾದಕರು ಹಾಡುಗಾರರು, ಪಿಟೀಲುಗಾರರು, ವಾದ್ಯವೃಂದ ಇವರೆಲ್ಲರ ನಡುವೆ ತಮ್ಮ ಸರದಿ ಬಂದಾಗ ನುಡಿಸಿ ಏಳುತ್ತಿದ್ದರು. 1838ರಿಂದ 1847ರವರೆಗಿನ ಅವಧಿಯಲ್ಲಿ ಲಿಸ್ಟ್ ಅವರು ಪಶ್ಚಿಮದ ಲಿಸ್ಬನ್‌ನಿಂದ ಪೂರ್ವದ ಕಾನ್‌ಸ್ಟಾಂಟಿನೋಪಲ್‌ವರೆಗೆ, ಲಂಡನ್ನಿನಿಂದ ರಷ್ಯಾದವರೆಗೆ, ಹೆಚ್ಚಿನ ಕಡೆ ಕುದುರೆ ಗಾಡಿಯಲ್ಲಿಯೇ ಸಂಚರಿಸಿ ನೂರಾರು ಕಚೇರಿಗಳನ್ನು ನಡೆಸಿದರು. 1840ರಲ್ಲಿ ಲಂಡನ್ನಿನ ಹ್ಯಾನೊವರ್ ಸ್ಕ್ವೇರ್‌ನಲ್ಲಿ ನಡೆದ ಅವರ ಕಚೇರಿಯ ಜಾಹೀರಾತಿನಲ್ಲಿಯೇ ಪಿಯಾನೊ ‘ರಿಸೈಟಲ್’ ಎಂಬ ಹೆಸರು ಬಳಕೆಗೆ ಬಂದಿತು. ಆ ಕಾಲದ ಪಿಯಾನೊಗಳು ಲಿಸ್ಟ್ ಅವರ ಕೈಯ ರಭಸವನ್ನು ತಾಳಲಾರದೆ ತಂತಿ ಕಡಿದುಕೊಳ್ಳುತ್ತಿದ್ದುದರಿಂದ ವೇದಿಕೆಯ ಮೇಲೆ ಎರಡು ಪಿಯಾನೊಗಳನ್ನು ಇರಿಸಿ, ಒಂದರಿಂದ ಇನ್ನೊಂದಕ್ಕೆ ಎದ್ದು ಹೋಗಿ ನುಡಿಸುವ ಪರಿಪಾಠವೂ ಅವರಿಗಿತ್ತು. 1847ರಲ್ಲಿ ತುರ್ಕಿಯ ಸುಲ್ತಾನರ ರಾಜಧಾನಿಗೆ ಅವರು ಹೋದಾಗ ಪ್ಯಾರಿಸ್ಸಿನ ಎರಾರ್ ಸಂಸ್ಥೆಯ ಪಿಯಾನೊ ಅವರಿಗಾಗಿ ಅಲ್ಲಿಗೆ ಬಂದಿತ್ತು. ಅದೇ ವರ್ಷ ಇಂದಿನ ಯುಕ್ರೇನಿನ ಎಲಿಸಾವೆಟ್‌ಗ್ರಾಡ್‌ನಲ್ಲಿ ನುಡಿಸಿದ ಮೇಲೆ, ಇನ್ನೂ 36ನೆಯ ವರ್ಷದಲ್ಲಿದ್ದ ಅವರು ಹಣಕ್ಕಾಗಿ ನುಡಿಸುವುದನ್ನೇ ನಿಲ್ಲಿಸಿಬಿಟ್ಟರು.

ಲಿಸ್ಟ್ ಅವರಿಗಿಂತ ಎಂಟು ವರ್ಷ ಚಿಕ್ಕವರಾದ ಜರ್ಮನಿಯ ಕ್ಲಾರಾ ಶೂಮನ್ ಅವರ ಪ್ರವಾಸಗಳಿಗೆ ಅಂತಹ ಅಬ್ಬರವಿರಲಿಲ್ಲವಾದರೂ, ಈ ವೃತ್ತಿಯ ನಿಜವಾದ ಕಷ್ಟಗಳನ್ನು ಅರಿಯಲು ಅವರ ಜೀವನವೇ ಹೆಚ್ಚು ನೆರವಾಗುತ್ತದೆ. 1844ರ ಚಳಿಗಾಲದಲ್ಲಿ ಪತಿ ರಾಬರ್ಟ್ ಶೂಮನ್ ಅವರನ್ನೂ ಕರೆದುಕೊಂಡು ಹಿಮದ ಹಾದಿಯಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಮಾಸ್ಕೊ ನಗರಗಳಿಗೆ ಹೋಗಿ ನುಡಿಸಿ ಬಂದ ಕ್ಲಾರಾ, ಪತಿಯ ಮರಣಾನಂತರ ದೊಡ್ಡ ಸಂಸಾರವನ್ನು ಕಚೇರಿಗಳ ಸಂಭಾವನೆಯಿಂದಲೇ ಸಲಹಿದರು. ತಮ್ಮ ಕಚೇರಿಗಳ ಮುದ್ರಿತ ಕಾರ್ಯಕ್ರಮ ಪಟ್ಟಿಗಳನ್ನು ಬಾಲ್ಯದಿಂದಲೂ ಅವರು ಜೋಪಾನವಾಗಿ ಕೂಡಿಟ್ಟಿದ್ದು, ಆ ಸಂಗ್ರಹದಲ್ಲಿ 1300ರಷ್ಟು ಪಟ್ಟಿಗಳಿವೆ. ಲಿಸ್ಟ್ ಅವರ ಹತ್ತು ವರ್ಷಗಳ ಮಿಂಚಿನ ಸಂಚಾರವನ್ನು ಕೊಂಡಾಡುವ ಚರಿತ್ರೆಕಾರರು ಆರು ದಶಕಗಳ ಈ ಸಂಚಾರಕ್ಕೆ ಅಷ್ಟೇ ಪುಟಗಳನ್ನು ಮೀಸಲಿಡದಿರುವುದು ನ್ಯಾಯವೆನಿಸುವುದಿಲ್ಲ.

ಪ್ರವಾಸಿ ವಾದಕರಿಗೆ ಹೋದ ಊರಿನಲ್ಲಿ ಒಳ್ಳೆಯ ವಾದ್ಯ ಬೇಕಾಗಿತ್ತು; ವಾದ್ಯ ತಯಾರಕರಿಗೆ ತಮ್ಮ ಪಿಯಾನೊಗಳನ್ನು ಖ್ಯಾತನಾಮರು ನುಡಿಸುವುದನ್ನು ಕೊಳ್ಳುವ ಜನ ಕಣ್ಣಾರೆ ಕಾಣಬೇಕಾಗಿತ್ತು. ಈ ಪರಸ್ಪರ ಅಗತ್ಯದಿಂದಾಗಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಪಿಯಾನೊ ಕಾರ್ಖಾನೆಗಳೇ ಸಂಗೀತ ಸಭಾಂಗಣಗಳನ್ನು ಕಟ್ಟಿಸಿ ಕಚೇರಿಗಳನ್ನು ಏರ್ಪಡಿಸತೊಡಗಿದವು. ನ್ಯೂಯಾರ್ಕಿನಲ್ಲಿ 1866ರಲ್ಲಿ ಸ್ಟೈನ್‌ವೇ ಹಾಲ್, ವಿಯೆನ್ನಾದಲ್ಲಿ 1872ರಲ್ಲಿ ಬೋಸೆನ್‌ಡಾರ್ಫರ್ ಸಭಾಂಗಣ, ಲಂಡನ್ನಿನಲ್ಲಿ 1901ರಲ್ಲಿ ಬೆಕ್‌ಸ್ಟೈನ್ ಹಾಲ್ ತೆರೆದವು. ಇವುಗಳಲ್ಲಿ ಕೊನೆಯದು ಮೊದಲ ಮಹಾಯುದ್ಧದ ಸಮಯದಲ್ಲಿ ಶತ್ರುದೇಶದ ಆಸ್ತಿಯೆಂದು ಹರಾಜಾಗಿ, 1917ರಲ್ಲಿ ವಿಗ್‌ಮೋರ್ ಹಾಲ್ ಎಂಬ ಹೊಸ ಹೆಸರಿನಿಂದ ಮತ್ತೆ ತೆರೆಯಿತು. ಲಂಡನ್ನಿನಲ್ಲಿ ಮೊದಲ ಬಾರಿಗೆ ನುಡಿಸಲಿರುವ ಯುವ ವಾದಕರು ಇಂದಿಗೂ ಹಂಬಲಿಸುವ ವೇದಿಕೆ ಅದೇ ಆಗಿದೆ.

ತಯಾರಕರ ಹಣ ಪ್ರವಾಸಕ್ಕೆ ಇಳಿದ ಮೇಲೆ ಪ್ರವಾಸದ ಲೆಕ್ಕಾಚಾರವೂ ಕಾರ್ಖಾನೆಯ ಲೆಕ್ಕಾಚಾರವಾಯಿತು. 1872-73ರಲ್ಲಿ ಸ್ಟೈನ್‌ವೇ ಸಂಸ್ಥೆಯ ಆಶ್ರಯದಲ್ಲಿ ಅಮೆರಿಕಕ್ಕೆ ಬಂದ ರಷ್ಯಾದ ಆಂಟನ್ ರೂಬಿನ್‌ಸ್ಟೈನ್ ಅವರು ಪಿಟೀಲು ವಾದಕ ಹೆನ್ರಿಕ್ ವಿಯೆನ್ಯಾವ್‌ಸ್ಕಿ ಅವರೊಂದಿಗೆ 239 ದಿನಗಳಲ್ಲಿ 215 ಕಚೇರಿಗಳನ್ನು ನೀಡಬೇಕಾಯಿತು. ಸೇಂಟ್ ಪೀಟರ್ಸ್‌ಬರ್ಗ್ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದ್ದ ಆ ಹಿರಿಯರಿಗೆ ಇಂತಹ ದುಡಿಮೆಯಲ್ಲಿ ಕಲೆಗೆ ಎಡೆಯೇ ಇಲ್ಲವೆನಿಸಿ, ಮುಂದೆ ಎಷ್ಟು ಹಣದ ಆಮಿಷ ಬಂದರೂ ಅವರು ಅಮೆರಿಕ ಪ್ರವಾಸವನ್ನು ಒಪ್ಪಿಕೊಳ್ಳಲಿಲ್ಲ.

ಸ್ಟೈನ್‌ವೇ ಸಂಸ್ಥೆಯ ಆಶ್ರಯದಲ್ಲಿಯೇ 1891ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿ ತಮ್ಮ ಮೊದಲ ಅಮೆರಿಕ ಪ್ರವಾಸವನ್ನು ಆರಂಭಿಸಿದ ಪೋಲೆಂಡಿನ ಇಗ್ನಾಸಿ ಪಾಡೆರೆವ್‌ಸ್ಕಿ ಅವರ ಅನುಭವ ಇನ್ನೂ ಕಠಿಣವಾದುದು. ಯುರೋಪಿನ ಹಗುರ ಪಿಯಾನೊಗಳಿಗೆ ಒಗ್ಗಿದ್ದ ಅವರ ಬೆರಳುಗಳಿಗೆ ಅಮೆರಿಕದ ಪಿಯಾನೊಗಳ ‘ಆ್ಯಕ್ಷನ್’, ಅಂದರೆ ಕೀಯನ್ನು ಒತ್ತಿದಾಗ ಸುತ್ತಿಗೆಯನ್ನು ತಂತಿಯತ್ತ ಚಿಮ್ಮಿಸುವ ಮರದ ಸನ್ನೆಗಳ ಯಂತ್ರ, ತೀರಾ ಗಡಸಾಗಿ ತೋರಿದ್ದರಿಂದ ಅವರು ಅದನ್ನು ಹಗುರಗೊಳಿಸುವಂತೆ ಕೇಳಿಕೊಂಡಿದ್ದರು ಮತ್ತು ಸಂಸ್ಥೆಯವರು ಹಾಗೆಯೇ ಮಾಡಿಕೊಟ್ಟಿದ್ದರು. ಆದರೆ ರೋಚೆಸ್ಟರ್ ನಗರದ ಕಚೇರಿಯ ಹೊತ್ತಿಗೆ ಅವರಿಗೆ ತಿಳಿಸದೆಯೇ ಆ್ಯಕ್ಷನ್ ಮತ್ತೆ ಮೊದಲಿನ ಬಿಗಿಗೆ ಮರಳಿತ್ತು. ಅದನ್ನರಿಯದೆ ಆರಂಭದ ಸ್ವರಗುಚ್ಛವನ್ನು ಬಲವಾಗಿ ಒತ್ತಿದೊಡನೆ ತೋಳಿನಲ್ಲಿ ಏನೋ ಹರಿದಂತಾಗಿ ಬಲಗೈಯ ಉಂಗುರ ಬೆರಳು ಸ್ವಾಧೀನ ತಪ್ಪಿತು. ಒಪ್ಪಂದಕ್ಕೆ ಕಟ್ಟುಬಿದ್ದಿದ್ದ ಅವರು ಪ್ರವಾಸವನ್ನು ನಿಲ್ಲಿಸಲಿಲ್ಲ. ಕೃತಿಗಳ ಬೆರಳು ವಿನ್ಯಾಸವನ್ನೇ, ಅಂದರೆ ಯಾವ ಸ್ವರಕ್ಕೆ ಯಾವ ಬೆರಳೆಂಬ ಕ್ರಮವನ್ನೇ, ಹೊಸದಾಗಿ ಹೊಂದಿಸಿಕೊಂಡು ಬಲಗೈಯ ನಾಲ್ಕೇ ಬೆರಳುಗಳಿಂದ ಉಳಿದ ಕಚೇರಿಗಳನ್ನು ಮುಗಿಸಿದರು. ಮುಂದಿನ ದಶಕಗಳಲ್ಲಿ ಸ್ವಂತ ರೈಲು ಬೋಗಿಯಲ್ಲಿ ಪಿಯಾನೊದ ಸಮೇತ ಅದೇ ದೇಶವನ್ನು ಸುತ್ತಿದ ಪಾಡೆರೆವ್‌ಸ್ಕಿ, 1919ರಲ್ಲಿ ಸ್ವತಂತ್ರ ಪೋಲೆಂಡಿನ ಪ್ರಧಾನಿಯಾಗಿ ವರ್ಸೈಲ್ಸ್ ಒಪ್ಪಂದಕ್ಕೆ ಸಹಿ ಹಾಕಿದರು. ರೋಚೆಸ್ಟರ್‌ನಲ್ಲಿ ಅವರಿಗೆ ಒದಗಿದ ವಿಪತ್ತಿನಲ್ಲಿ ವಾದ್ಯದ ದೋಷವೂ ಇರಲಿಲ್ಲ, ವಾದಕನ ದೋಷವೂ ಇರಲಿಲ್ಲ. ಎರಡರ ನಡುವೆ ಇರಬೇಕಾದ ಮೂರನೆಯ ವ್ಯಕ್ತಿಯೊಡನೆ, ಅಂದರೆ ತಂತ್ರಜ್ಞನೊಡನೆ, ಮಾತುಕತೆ ತಪ್ಪಿದ್ದೇ ಅದಕ್ಕೆ ಕಾರಣ.

ಈ ತಂತ್ರಜ್ಞನ ಕಸುಬು ಕೇವಲ ಶ್ರುತಿ ಸೇರಿಸುವುದೆಂದು ತಿಳಿಯುವುದು ಸಾಮಾನ್ಯವಾದರೂ ಅದು ಮೂರು ಬೇರೆ ಬೇರೆ ಕೆಲಸಗಳ ಸಮುಚ್ಚಯವಾಗಿದೆ. ಮೊದಲನೆಯದು ಶ್ರುತಿ: ಮಧ್ಯಮ ಮತ್ತು ತಾರ ಸ್ಥಾಯಿಗಳಲ್ಲಿ ಪ್ರತಿ ಸ್ವರಕ್ಕೂ ಮೂರು ಮೂರು ತಂತಿಗಳಿರುವುದರಿಂದ, ಎರಡು ತಂತಿಗಳನ್ನು ಫೆಲ್ಟ್ ಬಟ್ಟೆಯ ಪಟ್ಟಿಯಿಂದಲೋ ರಬ್ಬರ್ ಬೆಣೆಯಿಂದಲೋ ಮೌನಗೊಳಿಸಿ ಒಂದನ್ನು ಕೂಡಿಸಿ, ಅನಂತರ ಉಳಿದೆರಡನ್ನು ಅದಕ್ಕೆ ಸೇರಿಸುತ್ತಾರೆ. ಉದ್ದ ಹಿಡಿಯ ಕೀಲಿಯಿಂದ ಬಿರಡೆಯನ್ನು ತಿರುಗಿಸುವ ಪ್ರಮಾಣ ಕಣ್ಣಿಗೆ ಕಾಣದಷ್ಟು ಕಡಿಮೆಯಿದ್ದು, ಎರಡು ತಂತಿಗಳ ನಡುವಿನ ನಾದದ ಅಲೆದಾಟ ನಿಧಾನವಾಗುತ್ತ ಆಗುತ್ತ ಪೂರ್ತಿ ನಿಂತುಹೋಗುವ ಕ್ಷಣವನ್ನು ಕಿವಿಯಿಂದಲೇ ಹಿಡಿಯಬೇಕು. ಎರಡನೆಯದು ಆ್ಯಕ್ಷನ್‌ನ ಹೊಂದಾಣಿಕೆ: ಕೀ ಸುಮಾರು 10 ಮಿಲಿಮೀಟರ್‌ನಷ್ಟು ಕೆಳಗಿಳಿಯುವುದರೊಳಗೆ ಸುತ್ತಿಗೆ ತಂತಿಯ ತೀರ ಸಮೀಪಕ್ಕೆ ಬಂದು, ಕೊನೆಯ ಒಂದೆರಡು ಮಿಲಿಮೀಟರ್‌ಗಳ ಅಂತರದಲ್ಲಿ ಬೆರಳಿನ ಹಿಡಿತದಿಂದ ಬಿಡಿಸಿಕೊಂಡು, ತನ್ನ ವೇಗದಿಂದಲೇ ತಂತಿಯನ್ನು ಹೊಡೆದು ಹಿಂದಿರುಗಬೇಕು. ಈ ಅಂತರ 88 ಕೀಗಳಲ್ಲಿಯೂ ಒಂದೇ ಆಗಿದ್ದರೆ ಮಾತ್ರ ಅತಿ ಮೆಲ್ಲಗಿನ ಸ್ವರಗಳನ್ನು ವಾದಕರು ನಂಬಿಕೆಯಿಂದ ನುಡಿಸಲು ಸಾಧ್ಯ.

ಮೂರನೆಯದಾದ ‘ವಾಯ್ಸಿಂಗ್’, ಅಂದರೆ ನಾದದ ಗುಣವನ್ನು ತಿದ್ದುವ ಕೆಲಸ, ಎಲ್ಲಕ್ಕಿಂತ ನಾಜೂಕಿನದು. ಸುತ್ತಿಗೆಯ ತಲೆಗೆ ಸುತ್ತಿದ ಉಣ್ಣೆಯ ಫೆಲ್ಟ್ ನಿರಂತರ ಹೊಡೆತದಿಂದ ಗಟ್ಟಿಯಾಗಿ ತಂತಿಯ ಗೆರೆಗಳನ್ನು ಮೈಮೇಲೆ ಮೂಡಿಸಿಕೊಂಡಾಗ ನಾದ ಲೋಹದಂತೆ ಕರ್ಕಶವಾಗುತ್ತದೆ. ಆಗ ತಂತ್ರಜ್ಞ ಇಡೀ ಆ್ಯಕ್ಷನ್ನನ್ನು ಮುಂದಕ್ಕೆ ಸೆಳೆದು ತೊಡೆಯ ಮೇಲೋ ಮೇಜಿನ ಮೇಲೋ ಇರಿಸಿಕೊಂಡು, ಹಿಡಿಗೆ ಕೂಡಿಸಿದ ಮೂರು ಸೂಜಿಗಳಿಂದ ಆ ಫೆಲ್ಟನ್ನು ಬೇಕಾದ ಜಾಗದಲ್ಲಿ, ಬೇಕಾದ ಆಳಕ್ಕೆ ಚುಚ್ಚಿ ಸಡಿಲಗೊಳಿಸುತ್ತಾನೆ. ಒಂದು ಚುಚ್ಚು ಹೆಚ್ಚಾದರೆ ನಾದ ಮಂಕಾಗುತ್ತದೆ ಮತ್ತು ಹಾಗೆ ಮಂಕಾದದ್ದನ್ನು ಸಂಜೆಯೊಳಗೆ ಸರಿಪಡಿಸುವುದು ಸುಲಭವಲ್ಲ. ಪ್ರವಾಸಿ ವಾದಕರು ಮಧ್ಯಾಹ್ನ ಸಭಾಂಗಣಕ್ಕೆ ಬಂದು ಒಂದೆರಡು ಗಂಟೆ ನುಡಿಸಿ ನೋಡಿ ತಮ್ಮ ದೂರುಗಳನ್ನು ಹೇಳುತ್ತಾರೆ. ಆ ದೂರುಗಳು ‘ನಾದ ಹಾಡುತ್ತಿಲ್ಲ’, ‘ಮೇಲಿನ ಸ್ಥಾಯಿ ಒಣಗಿದೆ’ ಎಂಬಂತಹ ಮಾತುಗಳಲ್ಲಿರುವುದರಿಂದ, ಅವನ್ನು ಇಂತಿಷ್ಟು ಸುತ್ತಿಗೆಗಳಿಗೆ ಇಂತಿಷ್ಟು ಚುಚ್ಚುಗಳೆಂದು ಅರ್ಥಮಾಡಿಕೊಳ್ಳುವುದರಲ್ಲಿಯೇ ತಂತ್ರಜ್ಞನ ಜಾಣ್ಮೆ ಅಡಗಿದೆ. ಕಚೇರಿ ನಡೆಯುವಾಗ ಅವನು ವೇದಿಕೆಯ ಪಕ್ಕದಲ್ಲಿಯೇ ಕಾದಿದ್ದು, ದೀಪಗಳ ಕಾವಿಗೆ ಜಾರಿದ ಶ್ರುತಿಯನ್ನು ವಿರಾಮದ ವೇಳೆಯಲ್ಲಿ, ಜನರ ಮಾತಿನ ಗದ್ದಲದ ನಡುವೆಯೇ, ಮತ್ತೆ ಸೇರಿಸಿ ಮರೆಯಾಗುತ್ತಾನೆ.

ಊರು ಬದಲಾದಂತೆ ಹವೆಯೂ ಬದಲಾಗುವುದರಿಂದ ಈ ಕೆಲಸ ಯಾವಾಗಲೂ ಹೊಸದೇ. ತಂತಿಗಳ ಕೆಳಗೆ ಹರಡಿರುವ ಸ್ಪ್ರೂಸ್ ಮರದ ತೆಳು ನಾದಹಲಗೆ ಗಾಳಿಯ ತೇವವನ್ನು ಹೀರಿ ಉಬ್ಬಿದಾಗ ತಂತಿಗಳು ಬಿಗಿದು ಶ್ರುತಿ ಏರುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಸಭಾಂಗಣದ ಒಣಹವೆಯಲ್ಲಿ ಅದು ಕುಗ್ಗಿ ಶ್ರುತಿ ಇಳಿಯುತ್ತದೆ. ಇದರ ಮೇಲೆ ಆಧಾರ ಶ್ರುತಿಯಲ್ಲಿಯೂ ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದು, ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಮಧ್ಯದ ‘ಎ’ ಸ್ವರವನ್ನು ಸೆಕೆಂಡಿಗೆ 440 ಕಂಪನಗಳಿಗೆ ನಿಲ್ಲಿಸಿದರೆ, ಜರ್ಮನಿ ಮತ್ತು ಆಸ್ಟ್ರಿಯಾಗಳ ವಾದ್ಯವೃಂದಗಳು 442 ಅಥವಾ 443ನ್ನು ಬಯಸುತ್ತವೆ. ಕೇಳುಗರಿಗೆ ಇದು ತಿಳಿಯದಿದ್ದರೂ, ಎಲ್ಲ ತಂತಿಗಳ ಬಿಗಿಯೇ ಹೆಚ್ಚುವುದರಿಂದ ವಾದ್ಯದ ಕಾಂತಿ ತುಸು ಬೇರೆಯಾಗಿರುವುದನ್ನು ವಾದಕರ ಕಿವಿ ಗುರುತಿಸುತ್ತದೆ.

ಅಪರಿಚಿತ ವಾದ್ಯದ ಈ ಹಂಗನ್ನು ಹರಿದುಕೊಳ್ಳಲು ಕೆಲವು ವಾದಕರು ಖರ್ಚನ್ನೂ ತೊಡಕನ್ನೂ ಲೆಕ್ಕಿಸದೆ ತಮ್ಮ ಪಿಯಾನೊಗಳನ್ನೇ ಹೊತ್ತು ತಿರುಗಿದ್ದಾರೆ. 1925ರಲ್ಲಿ ಸೋವಿಯತ್ ದೇಶವನ್ನು ಬಿಟ್ಟಿದ್ದ ವ್ಲಾಡಿಮಿರ್ ಹೊರೊವಿಟ್ಸ್ ಅವರು 61 ವರ್ಷಗಳ ಬಳಿಕ, 1986ರ ಏಪ್ರಿಲ್ 20ರಂದು, ಮಾಸ್ಕೊ ಸಂಗೀತ ವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿ ನುಡಿಸಿದಾಗ ಅವರ ಮುಂದಿದ್ದುದು ನ್ಯೂಯಾರ್ಕಿನ ಅವರ ಮನೆಯಿಂದಲೇ ತಂದ ಪಿಯಾನೊ. ಅದರ ಜೊತೆಗೆ ಸ್ಟೈನ್‌ವೇ ಸಂಸ್ಥೆಯ ಮುಖ್ಯ ತಂತ್ರಜ್ಞ ಫ್ರಾಂಝ್ ಮೋರ್ ಅವರೂ ಬಂದಿದ್ದರು. ಟಿಕೆಟ್ ಸಿಗದ ವಿದ್ಯಾರ್ಥಿಗಳು ಕಾವಲನ್ನು ಭೇದಿಸಿ ಒಳನುಗ್ಗಿದ ಆ ಕಚೇರಿಯಲ್ಲಿ 82 ವರ್ಷದ ವಾದಕರು ನಿರಾಳವಾಗಿ ನುಡಿಸಿದ್ದಕ್ಕೆ ಬೆರಳುಗಳಡಿಯಲ್ಲಿ ಮನೆಯ ಕೀಗಳೇ ಇದ್ದುದೂ ಒಂದು ಕಾರಣವಾಗಿರಬೇಕು. ಪೋಲೆಂಡಿನ ಕ್ರಿಸ್ಟಿಯಾನ್ ಜಿಮರ್‌ಮನ್ ಅವರು ಪಿಯಾನೊದ ರಚನೆಯನ್ನು ಸ್ವತಃ ಬಲ್ಲವರಾಗಿದ್ದು, ತಾವೇ ಹೊಂದಿಸಿದ ವಾದ್ಯದೊಂದಿಗೆ ಪ್ರವಾಸ ಹೋಗುವುದಕ್ಕೆ ಹೆಸರಾದವರು. ಆದರೆ 2001ರ ಸೆಪ್ಟೆಂಬರ್ 11ರ ದಾಳಿಗಳು ನಡೆದ ಕೆಲವೇ ಸಮಯದ ಅನಂತರ ಅವರ ಪಿಯಾನೊ ನ್ಯೂಯಾರ್ಕಿನ ವಿಮಾನ ನಿಲ್ದಾಣಕ್ಕೆ ಬಂದಾಗ, ಅದರ ಅಂಟಿನ ವಾಸನೆ ಸ್ಫೋಟಕದ ವಾಸನೆಯಂತಿದೆಯೆಂದು ಶಂಕಿಸಿದ ಅಧಿಕಾರಿಗಳು ಅದನ್ನು ನಾಶಪಡಿಸಿದರೆಂದು ಪತ್ರಿಕೆಗಳು ವರದಿ ಮಾಡಿದವು.

ಸ್ವಂತ ವಾದ್ಯವನ್ನು ಸಾಗಿಸುವುದರಲ್ಲಿ ಇನ್ನೂ ಕೆಲವು ಅಡೆತಡೆಗಳಿವೆ. ಹಳೆಯ ಪಿಯಾನೊಗಳ ಕೀಗಳ ಮೇಲೆ ಆನೆದಂತದ ತೆಳು ಹೊದಿಕೆ ಇರುತ್ತಿದ್ದು, ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅಂತಹ ವಾದ್ಯಗಳನ್ನು ಗಡಿ ದಾಟಿಸಲು ಪರವಾನಗಿ ಬೇಕು. ಸಂಗೀತಗಾರರಿಗಾಗಿ ಪ್ರತ್ಯೇಕ ಪ್ರಮಾಣಪತ್ರದ ಏರ್ಪಾಡಾದದ್ದು 2013ರಲ್ಲಿ. ಇನ್ನು ಸಾಗಣೆಯ ಅಪಾಯವಂತೂ ಇದ್ದೇ ಇದೆ. ಕೆನಡಾದ ಏಂಜೆಲಾ ಹ್ಯೂಯಿಟ್ ಅವರು ಧ್ವನಿಮುದ್ರಣಗಳಿಗೆ ನೆಚ್ಚಿಕೊಂಡಿದ್ದ, ಇಟಲಿಯ ಫಾಜಿಯೋಲಿ ಸಂಸ್ಥೆ ತಯಾರಿಸಿದ ನಾಲ್ಕು ಪೆಡಲುಗಳ ಪಿಯಾನೊವನ್ನು 2020ರ ಆರಂಭದಲ್ಲಿ ಬರ್ಲಿನ್ನಿನ ಸ್ಟುಡಿಯೊದಿಂದ ಹೊರತರುವಾಗ ಆಳುಗಳು ಕೆಳಗೆ ಬೀಳಿಸಿದ್ದರಿಂದ ಕಬ್ಬಿಣದ ಚೌಕಟ್ಟೇ ಒಡೆದು, ಅದು ದುರಸ್ತಿಗೆ ನಿಲುಕದಂತಾಯಿತು.

ಕೆನಡಾದವರೇ ಆದ ಗ್ಲೆನ್ ಗೂಲ್ಡ್ ಅವರು ಪ್ರವಾಸಗಳಲ್ಲಿ ಪಿಯಾನೊವನ್ನು ಕೊಂಡೊಯ್ಯಲಾಗದಿದ್ದರೂ ಕುರ್ಚಿಯನ್ನು ಮಾತ್ರ ಬಿಡುತ್ತಿರಲಿಲ್ಲ. ತಂದೆ ಕಾಲುಗಳನ್ನು ಕತ್ತರಿಸಿ ತಗ್ಗಿಸಿಕೊಟ್ಟ ಆ ಮಡಚುವ ಕುರ್ಚಿ ನೆಲದಿಂದ ಸುಮಾರು 14 ಅಂಗುಲಗಳಷ್ಟೇ ಎತ್ತರವಿತ್ತು. 1957ರ ಮೇ ತಿಂಗಳಲ್ಲಿ, ಎರಡನೆಯ ಮಹಾಯುದ್ಧದ ಬಳಿಕ ಸೋವಿಯತ್ ಒಕ್ಕೂಟದಲ್ಲಿ ನುಡಿಸಿದ ಮೊದಲ ಉತ್ತರ ಅಮೆರಿಕದ ಪಿಯಾನೊ ವಾದಕರಾಗಿ 24 ವರ್ಷದ ಗೂಲ್ಡ್ ಮಾಸ್ಕೊಗೆ ಬಂದಾಗ ಅಲ್ಲಿ ಅವರ ಹೆಸರನ್ನು ಕೇಳಿದವರೇ ವಿರಳವಾಗಿದ್ದುದರಿಂದ ಸಭಾಂಗಣ ಅರ್ಧಕ್ಕರ್ಧ ಖಾಲಿಯಿತ್ತು. ಬಾಖ್ ಕೃತಿಗಳನ್ನು ಕೇಳಿದ ಸಭಿಕರು ವಿರಾಮದಲ್ಲಿ ಟೆಲಿಫೋನುಗಳತ್ತ ಓಡಿ ಸ್ನೇಹಿತರನ್ನು ಕರೆಸಿದ ಪರಿಣಾಮವಾಗಿ ಕಚೇರಿಯ ಉತ್ತರಾರ್ಧದಲ್ಲಿ ಆಸನಗಳೆಲ್ಲ ತುಂಬಿಹೋದವು. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಅವರು ಬರ್ಗ್, ವೆಬರ್ನ್ ಮೊದಲಾದ ವಿಯೆನ್ನಾ ರಚನಕಾರರ ಕೃತಿಗಳನ್ನು ವಿವರಿಸಿ ನುಡಿಸಿದ್ದು ಇನ್ನೂ ದೊಡ್ಡ ಸಂಗತಿ. ಆ ಸಂಗೀತ ಸೋವಿಯತ್ ಆಡಳಿತದ ಕಣ್ಣಿನಲ್ಲಿ ತ್ಯಾಜ್ಯವಾಗಿದ್ದುದರಿಂದ ಕೆಲವು ಪ್ರಾಧ್ಯಾಪಕರು ಎದ್ದು ಹೊರನಡೆದರಾದರೂ ವಿದ್ಯಾರ್ಥಿಗಳು ಕುಳಿತು ಕೇಳಿದರು. ಇಷ್ಟು ಗೆಲುವು ಕಂಡ ವಾದಕರೇ ಏಳು ವರ್ಷಗಳ ಅನಂತರ, 1964ರ ಏಪ್ರಿಲ್‌ನಲ್ಲಿ, ಲಾಸ್ ಏಂಜಲಿಸ್‌ನಲ್ಲಿ ನುಡಿಸಿದ ಮೇಲೆ ಸಾರ್ವಜನಿಕ ಕಚೇರಿಗಳಿಗೆ ಶಾಶ್ವತವಾಗಿ ಬೆನ್ನು ಹಾಕಿ, ತಮಗೆ ಒಪ್ಪಿದ ಒಂದೇ ಪಿಯಾನೊದೊಂದಿಗೆ ಧ್ವನಿಮುದ್ರಣದಲ್ಲಿ ತೊಡಗಿದರು. ಆ ಪಿಯಾನೊ ಕೂಡ 1971ರಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ಸಾಗಿಸುವಾಗ ಬಿದ್ದು ಜಖಂಗೊಂಡಿತೆಂಬುದು ವಿಧಿಯ ವ್ಯಂಗ್ಯವೆನ್ನದೆ ವಿಧಿಯಿಲ್ಲ.

ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದವರು ಸೋವಿಯತ್ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್. 1955ರಲ್ಲಿ ಅಮೆರಿಕಕ್ಕೆ ಹೋಗಿದ್ದ ಇನ್ನೊಬ್ಬ ಸೋವಿಯತ್ ವಾದಕ ಎಮಿಲ್ ಗಿಲೆಲ್ಸ್, ತಮ್ಮನ್ನು ಹೊಗಳಿದವರಿಗೆ ರಿಕ್ಟರ್ ಅವರನ್ನು ಕೇಳುವ ತನಕ ತಾಳಿರೆಂದು ಹೇಳಿದ್ದರು. ಆದರೆ ಸೋವಿಯತ್ ಸರ್ಕಾರ ರಿಕ್ಟರ್ ಅವರನ್ನು ಪಶ್ಚಿಮಕ್ಕೆ ಬಿಟ್ಟದ್ದು 1960ರಲ್ಲಿ, ಅವರಿಗೆ 45 ವರ್ಷ ತುಂಬಿದ ಮೇಲೆ. ಆ ಅಕ್ಟೋಬರ್‌ನಲ್ಲಿ ಷಿಕಾಗೊದಲ್ಲಿ ಬ್ರಾಮ್ಸ್ ಅವರ ಎರಡನೆಯ ಕಾಂಚೆರ್ಟೊವನ್ನು, ಅಂದರೆ ಪಿಯಾನೊ ಮತ್ತು ವಾದ್ಯವೃಂದಗಳು ಸಂವಾದದಂತೆ ನುಡಿಸುವ ದೀರ್ಘ ಕೃತಿಯನ್ನು, ನುಡಿಸಿ ಅಮೆರಿಕದ ಪ್ರವಾಸವನ್ನು ಆರಂಭಿಸಿದ ಅವರು ಅಲ್ಲಿ ಅಪಾರ ಮನ್ನಣೆ ಪಡೆದರೂ ಆ ದೇಶವನ್ನಾಗಲಿ ಅಂತಹ ಪ್ರವಾಸದ ಗದ್ದಲವನ್ನಾಗಲಿ ಮೆಚ್ಚಲಿಲ್ಲ. ಪಿಯಾನೊಗಳನ್ನು ಸಾಲಾಗಿ ನಿಲ್ಲಿಸಿ ಆಯ್ದುಕೊಳ್ಳುವುದರಿಂದ ವಾದಕನ ಮನಸ್ಸು ಅಸ್ಥಿರವಾಗುತ್ತದೆ, ಒದಗಿಬಂದ ವಾದ್ಯವನ್ನು ನಂಬಿ ಕುಳಿತುಕೊಳ್ಳುವುದೇ ಒಳ್ಳೆಯದು ಎಂಬುದು ಅವರ ನಿಲುವಾಗಿತ್ತು. ಆಯ್ಕೆಯ ಸ್ವಾತಂತ್ರ್ಯವೇ ಹೊರೆಯಾಗುತ್ತದೆಂಬ ಈ ಮಾತು ಮೇಲುನೋಟಕ್ಕೆ ವೈರಾಗ್ಯದಂತೆ ಕಂಡರೂ, ಅದರ ಹಿಂದೆ ಒಳ್ಳೆಯ ತಂತ್ರಜ್ಞರ ಮೇಲಿನ ಭರವಸೆ ಇತ್ತೆಂಬುದನ್ನು ಮರೆಯಬಾರದು. ಕೊನೆಯ ದಶಕಗಳಲ್ಲಿ ಜಪಾನಿನ ಯಮಹಾ ಸಂಸ್ಥೆ ಅವರಿಗೆ ಪಿಯಾನೊಗಳನ್ನೂ ಅವನ್ನು ನೋಡಿಕೊಳ್ಳುವವರನ್ನೂ ಒದಗಿಸಿತ್ತು. 1986ರಲ್ಲಿ, ಹೊರೊವಿಟ್ಸ್ ತಮ್ಮ ಪಿಯಾನೊದೊಂದಿಗೆ ಮಾಸ್ಕೊಗೆ ಬಂದುಹೋದ ವರ್ಷವೇ, 71 ವರ್ಷದ ರಿಕ್ಟರ್ ಕಾರಿನಲ್ಲಿ ಸೈಬೀರಿಯದ ಉದ್ದಕ್ಕೂ ಸಾಗಿ, ಸರಿಯಾದ ಸಭಾಂಗಣವೂ ಇಲ್ಲದ ಸಣ್ಣಪುಟ್ಟ ಊರುಗಳಲ್ಲಿ ತಿಂಗಳುಗಟ್ಟಲೆ ನುಡಿಸಿದರು.

ಪ್ರವಾಸವೇ ಜೀವನೋಪಾಯವಾದಾಗ ಅದು ಕಲಾವಿದನಿಂದ ಏನನ್ನು ಕಸಿಯುತ್ತದೆಂಬುದಕ್ಕೆ ಸೆರ್ಗೆಯ್ ರಖ್‌ಮನಿನೋವ್ ಅವರಿಗಿಂತ ಬೇರೆ ನಿದರ್ಶನ ಬೇಕಿಲ್ಲ. 1909ರ ಮೊದಲ ಅಮೆರಿಕ ಪ್ರವಾಸಕ್ಕೆಂದು ಬರೆದ ಮೂರನೆಯ ಕಾಂಚೆರ್ಟೊವನ್ನು ಅವರು ಹಡಗಿನಲ್ಲಿ ನಾದ ಹೊರಡದ ಕೀಲಿಮಣೆಯ ಮೇಲೆ ಅಭ್ಯಾಸ ಮಾಡಿದ್ದರು. ರಷ್ಯಾದ ಕ್ರಾಂತಿಯ ಅನಂತರ ಆಸ್ತಿಪಾಸ್ತಿಯನ್ನೆಲ್ಲ ಕಳೆದುಕೊಂಡು 1918ರಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಅವರಿಗೆ ಸಂಸಾರ ಸಾಗಿಸಲು ಕಚೇರಿಗಳೇ ಗತಿಯಾದವು. ವರ್ಷ ವರ್ಷವೂ ನಡೆದ ಆ ಸಂಚಾರದಲ್ಲಿ, ಉಳಿದ 25 ವರ್ಷಗಳಲ್ಲಿ ಅವರು ಪೂರೈಸಿದ ದೊಡ್ಡ ರಚನೆಗಳು ಆರು ಮಾತ್ರ. 1943ರ ಫೆಬ್ರವರಿಯಲ್ಲಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಕೊನೆಯ ಬಾರಿಗೆ ನುಡಿಸಿದ ಅವರು ಮರು ತಿಂಗಳೇ ತೀರಿಕೊಂಡರು.

ರಖ್‌ಮನಿನೋವ್ ಅವರ ಆಪ್ತರಾಗಿದ್ದ ಇನ್ನೊಬ್ಬ ರಷ್ಯನ್ ವಾದಕ ಮತ್ತು ರಚನಕಾರ ನಿಕೊಲಾಯ್ ಮೆಟ್ನರ್ ಅವರ ಕಥೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ರಖ್‌ಮನಿನೋವ್ ಅವರ ನೆರವಿನಿಂದ 1924-25ರಲ್ಲಿ ಅಮೆರಿಕ ಪ್ರವಾಸ ಮಾಡಿದ ಮೆಟ್ನರ್, ಜನ ಬಯಸುವ ಕೃತಿಗಳಿಗಿಂತ ತಮ್ಮ ಕೃತಿಗಳನ್ನೇ ನುಡಿಸಲು ಬಯಸುತ್ತಿದ್ದುದರಿಂದ ಪ್ರವಾಸಿ ವಾದಕರಾಗಿ ನೆಲೆ ಕಾಣಲಿಲ್ಲ. 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲಸಿದ ಅವರು ಯುದ್ಧದ ವರ್ಷಗಳಲ್ಲಿ ಹಣದ ಮುಗ್ಗಟ್ಟು ಮತ್ತು ಹೃದ್ರೋಗಗಳಿಂದ ಬಳಲಿ, ಊರೂರು ಸುತ್ತುವ ಸ್ಥಿತಿಯಲ್ಲಿ ಉಳಿದಿರಲಿಲ್ಲ. ಆಗ ಅವರ ನೆರವಿಗೆ ಬಂದವರು ಮೈಸೂರಿನ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು. ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳ ರಚನಕಾರರೆಂದು ಕನ್ನಡಿಗರು ಬಲ್ಲ ಒಡೆಯರು ಪಿಯಾನೊವನ್ನು ಕ್ರಮವಾಗಿ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿಯನ್ನು ಪಡೆದವರು. ಕಚೇರಿ ವಾದಕರಾಗುವ ಹಂಬಲ ಅವರಿಗಿದ್ದರೂ 1940ರಲ್ಲಿ ಸಿಂಹಾಸನವೇರಬೇಕಾಗಿ ಬಂದದ್ದರಿಂದ ಅದು ಕೈಗೂಡಲಿಲ್ಲ.

ಒಡೆಯರ ಧನಸಹಾಯದಿಂದ ಸ್ಥಾಪನೆಯಾದ ಮೆಟ್ನರ್ ಸೊಸೈಟಿಯ ಮೂಲಕ, 1940ರ ದಶಕದ ಕೊನೆಯ ವರ್ಷಗಳಲ್ಲಿ ಮೆಟ್ನರ್ ತಮ್ಮ ಮೂರೂ ಕಾಂಚೆರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ, ಹಲವು ಸಣ್ಣ ಕೃತಿಗಳನ್ನು ಒಬ್ಬರೇ, ಎಚ್‌ಎಂವಿ ಸಂಸ್ಥೆಗಾಗಿ ಧ್ವನಿಮುದ್ರಿಸಿದರು ಮತ್ತು ಮೂರನೆಯ ಕಾಂಚೆರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಒಡೆಯರೇ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದೂ ಒಡೆಯರ ನೆರವಿನಿಂದಲೇ. ಪ್ರವಾಸ ಮಾಡಲಾಗದ ಇಬ್ಬರು ಪಿಯಾನೊ ವಾದಕರು, ಒಬ್ಬರು ಅನಾರೋಗ್ಯದಿಂದ, ಇನ್ನೊಬ್ಬರು ರಾಜಪದವಿಯಿಂದ, ಹೀಗೆ ಸೇರಿ ಮಾಡಿದ ಕೆಲಸದ ಫಲವಾಗಿ ಮೆಟ್ನರ್ ಅವರ ಕೃತಿಗಳು ರಚನಕಾರನ ಸ್ವಂತ ನುಡಿಸಾಣಿಕೆಯಲ್ಲಿಯೇ ಉಳಿದುಕೊಂಡವು. 1951ರಲ್ಲಿ ಮೆಟ್ನರ್ ತೀರಿಕೊಂಡ ಮೇಲೆ ದಶಕಗಳವರೆಗೆ ವೇದಿಕೆಗಳಿಂದ ಬಹುಮಟ್ಟಿಗೆ ದೂರವೇ ಇದ್ದ ಅವರ ರಚನೆಗಳನ್ನು ಆಸ್ಟ್ರೇಲಿಯಾದ ಜೆಫ್ರಿ ಟೋಜರ್, ರಷ್ಯಾದ ನಿಕೊಲಾಯ್ ಡೆಮಿಡೆಂಕೊ, ಕೆನಡಾದ ಮಾರ್ಕ್ ಆಂಡ್ರೆ ಆಮ್ಲೆನ್ ಮೊದಲಾದವರು 1990ರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡರು. ಅವುಗಳನ್ನು ಹೊಸದಾಗಿ ಕಲಿಯಲು ಹೊರಟವರು ಒಡೆಯರ ಕಾಲದ ಆ ಧ್ವನಿಮುದ್ರಿಕೆಗಳನ್ನೇ ಮೊದಲು ಹುಡುಕುತ್ತಾರೆ.